ನಾಂದೇಡಿನಲ್ಲಿ ಆದದ್ದು ಭಾಲ್ಕಿಯಲ್ಲೇಕೆ ಆಗಬಾರದು?

2025ರ ಜನವರಿಯಲ್ಲಿ ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಜಲಸಂಗಿಗೆ ಆಕಾಶದಿಂದ ದೈತ್ಯ ಬಲೂನೊಂದು ಬಂದು ಬಿತ್ತು. ಜನ ಗಾಬರಿಯಾದರು. ಅದು ಹೈದರಾಬಾದಿನಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರದ್ದು ಎಂದು ಆಮೇಲೆ ಗೊತ್ತಾಯಿತು. ಇಂಥ ಬಲೂನುಗಳಿಗೆ ಉಪಕರಣ ಕಟ್ಟಿ ಆಕಾಶದ ಎಕ್ಸ್-ರೇ ಹಿಡಿಯುವ ಕೆಲಸವನ್ನು ಈ ಸಂಸ್ಥೆಯ ವಿಜ್ಞಾನಿಗಳು 1960ರ ದಶಕದಲ್ಲೇ ಶುರುಮಾಡಿದ್ದರು.

ಬಲೂನಿಗೆ ಒಂದು ಮಿತಿಯಿದೆ. 40 ಕಿ.ಮೀ. ಮೇಲೇರಿದರೂ ಅದರಾಚೆ ಉಳಿಯುವ ತೆಳು ಗಾಳಿಯೇ ಮೃದು (ಕಡಿಮೆ ಶಕ್ತಿಯ) ಎಕ್ಸ್-ರೇಗಳನ್ನು ನುಂಗಿಬಿಡುತ್ತದೆ. ನಾನು ಇಲ್ಲಿ ಹೇಳಹೊರಟಿರುವ ಗೆಲಾಕ್ಸಿ ಗುಂಪುಗಳು ಬೆಳಗುವುದು ಆ ಮೃದು ಕಿರಣಗಳಲ್ಲೇ. ಹಾಗಾಗಿ ದೂರದರ್ಶಕವೇ ಅಂತರಿಕ್ಷಕ್ಕೆ ಹೋಗಬೇಕು.

ವಿಶ್ವದ ಬಹುಪಾಲು ಗೆಲಾಕ್ಸಿಗಳು ಒಂಟಿಯಲ್ಲ, ಗುಂಪಿನಲ್ಲಿವೆ. ನಮ್ಮ ಕ್ಷೀರಪಥವೂ ಹಾಗೆಯೇ. ದೊಡ್ಡ ಗುಂಪುಗಳಲ್ಲಿ ಗೆಲಾಕ್ಸಿಗಳ ನಡುವಿನ ಜಾಗ ಖಾಲಿಯಲ್ಲ. ಸುಮಾರು ಒಂದು ಕೋಟಿ ಡಿಗ್ರಿ ಕಾದ ಅನಿಲ ಅಲ್ಲಿ ತುಂಬಿರುತ್ತದೆ. ಅದೆಷ್ಟು ವಿರಳವೆಂದರೆ ಅಂಚಿನ ಕಡೆ ಒಂದು ಲೀಟರ್ ಜಾಗದಲ್ಲಿ ಒಂದು ಕಣ ಸಿಕ್ಕರೆ ಹೆಚ್ಚು. ಎನ್‌ಜಿಸಿ 2300 ಎಂಬ ಗುಂಪಿನಲ್ಲಿ ಈ ಅನಿಲ ಹರಡಿರುವುದನ್ನು ಜರ್ಮನಿಯ ರೋಸಾಟ್ ಉಪಗ್ರಹದ ನೆರವಿನಿಂದ ಕಂಡವರು 1993ರಲ್ಲಿ ಪ್ರಕಟಿಸಿದಾಗ ಈ ವಿಷಯ ಜೋರು ಪಡೆಯಿತು. 1999ರಲ್ಲಿ ನಾಸಾದ ಚಂದ್ರ ದೂರದರ್ಶಕ ಹಾರಿತು. ಖಭೌತವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರು ಹೊತ್ತ ಅದರ ನೋಟದಷ್ಟು ಚೂಪು ಬೇರಾವ ಎಕ್ಸ್-ರೇ ದೂರದರ್ಶಕಕ್ಕೂ ಇಲ್ಲ.

ನಾನು ಮುಖ್ಯವಾಗಿ ಹೇಳಬೇಕಾದದ್ದು ನಾಂದೇಡಿನ ಸಂಗತಿ. ಬೀದರ್ ಜಿಲ್ಲೆಯ ಔರಾದ ತಾಲ್ಲೂಕಿನ ಗಡಿ ದಾಟಿದರೆ ಮಹಾರಾಷ್ಟ್ರದ ನಾಂದೇಡ ಜಿಲ್ಲೆಯೇ. ಅಲ್ಲಿನ ಸ್ವಾಮಿ ರಾಮಾನಂದ ತೀರ್ಥ ಮರಾಠವಾಡ ವಿಶ್ವವಿದ್ಯಾಲಯ ಶುರುವಾದದ್ದು 1994ರಲ್ಲಿ. ಆ ವಿಶ್ವವಿದ್ಯಾಲಯದ ಎಂ. ಕೆ. ಪಾಟೀಲ, ಎಂ. ಬಿ. ಪಾಂಡ್ಗೆ ಮತ್ತು ಸಂಗಡಿಗರು 2012ರಲ್ಲಿ ಎನ್‌ಜಿಸಿ 6338 ಎಂಬ ಗೆಲಾಕ್ಸಿಯ ಸುತ್ತಲಿನ ಬಿಸಿ ಅನಿಲವನ್ನು ಕುರಿತು ಪ್ರಬಂಧ ಪ್ರಕಟಿಸಿದರು. ಅವರ ಕೈಯಲ್ಲಿದ್ದದ್ದು ಚಂದ್ರ ಕಳಿಸಿದ ದತ್ತಾಂಶ.

ಆ ದತ್ತಾಂಶ ತೆರೆದರೆ ಮೊದಲು ಕಾಣುವುದು ಚಿತ್ರವಲ್ಲ, ಉದ್ದನೆಯ ಕೋಷ್ಟಕ. ಒಂದೊಂದು ಎಕ್ಸ್-ರೇ ಕಣಕ್ಕೂ ಒಂದೊಂದು ಸಾಲು: ಯಾವಾಗ ಬಂತು, ಎಲ್ಲಿ ಬಡಿಯಿತು, ಎಷ್ಟು ಶಕ್ತಿಯದು. ಅವನ್ನು ಕೂಡಿಸಿದರೆ ನಡುವೆ ಪ್ರಖರವಾದ, ಅಂಚಿಗೆ ಮಸುಕಾಗುವ ಬೆಳಕಿನ ಗುಡ್ಡೆ ಮೂಡುತ್ತದೆ. ಅನಿಲ ನಯವಾಗಿ ಹರಡಿದ್ದರೆ ಎಷ್ಟು ಬೆಳಕಿರಬೇಕೋ ಅಷ್ಟನ್ನು ಲೆಕ್ಕಹಾಕಿ ಕಳೆಯಬೇಕು. ಆಗ ಕಪ್ಪು ಪೊಳ್ಳುಗಳು ಎದ್ದು ಕಾಣುತ್ತವೆ. ನಡುವಿನ ಕಪ್ಪುಕುಳಿ ಉಗುಳಿದ ಕಣಧಾರೆ ಅನಿಲವನ್ನು ಪಕ್ಕಕ್ಕೆ ತಳ್ಳಿದ ಗುರುತು ಅವು. ಪೊಳ್ಳಿನ ಗಾತ್ರ, ಅನಿಲದ ಒತ್ತಡ ಗೊತ್ತಾದರೆ ಕಪ್ಪುಕುಳಿ ಸುರಿದ ಶಕ್ತಿಯ ಅಂದಾಜು ಸಿಗುತ್ತದೆ. ಈ ಶಕ್ತಿಯಿಂದಲೇ ಅನಿಲ ತಣ್ಣಗಾಗಿ ನಕ್ಷತ್ರಗಳಾಗದೆ ಉಳಿಯುತ್ತದೆ. ಗುಂಪುಗಳ ಗುರುತ್ವ ದೊಡ್ಡ ಗೆಲಾಕ್ಸಿ ಗುಚ್ಛಗಳದ್ದಕ್ಕಿಂತ ದುರ್ಬಲ. ಕಪ್ಪುಕುಳಿ ಇಲ್ಲಿ ಅನಿಲವನ್ನು ಹೊರಗೇ ದಬ್ಬಬಲ್ಲದು. ಗುಂಪುಗಳ ಅಧ್ಯಯನಕ್ಕೆ ತೂಕ ಬಂದದ್ದು ಇದರಿಂದ. ಎನ್‌ಜಿಸಿ 6338ರಲ್ಲಿ ಎರಡು ಗುಂಪುಗಳೇ ಡಿಕ್ಕಿ ಹೊಡೆಯುತ್ತಿವೆ ಎಂದು 2019ರ ಇನ್ನೊಂದು ಪ್ರಬಂಧ ವಿವರಿಸಿತು.

ಚಂದ್ರದ ದತ್ತಾಂಶ ಸಾಮಾನ್ಯವಾಗಿ ಒಂದು ನಿಗದಿತ ಅವಧಿಯ ಬಳಿಕ ಎಲ್ಲರಿಗೂ ಉಚಿತ. ಅದನ್ನು ಬಿಡಿಸುವ ತಂತ್ರಾಂಶವೂ ಉಚಿತ. 2015ರ ಸೆಪ್ಟೆಂಬರ್ 28ರಂದು ಹಾರಿದ ನಮ್ಮ ದೇಶದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನ ದತ್ತಾಂಶ ಬೆಂಗಳೂರು ಬಳಿಯ ಬ್ಯಾಲಾಳು ಕೇಂದ್ರದಿಂದ ಸಿಗುತ್ತದೆ. ಆದರೆ ಅದರ ಮೃದು ಎಕ್ಸ್-ರೇ ದೂರದರ್ಶಕಕ್ಕೆ ಪೊಳ್ಳುಗಳನ್ನು ಬಿಡಿಸಿ ನೋಡುವಷ್ಟು ಸೂಕ್ಷ್ಮತೆ ಇಲ್ಲ.

ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿ ಈಗ ಬೀದರ್ ವಿಶ್ವವಿದ್ಯಾಲಯವಿದೆ. ಬೀದರಿನಲ್ಲಾಗಲಿ ಔರಾದದಲ್ಲಾಗಲಿ ಕಂಪ್ಯೂಟರು, ಇಂಟರ್ನೆಟ್ಟು ಇಲ್ಲದ ಕಾಲವಲ್ಲ ಇದು. ಕೊರತೆ ಇರುವುದು ಕೈಹಿಡಿದು ಕಲಿಸುವವರದು. ವಿಶ್ವವಿದ್ಯಾಲಯ, ಕಾಲೇಜುಗಳ ಅಧ್ಯಾಪಕರಿಗಾಗಿಯೇ ಪುಣೆಯಲ್ಲಿ ಐಯುಕಾ ಎಂಬ ಖಗೋಳ ಸಂಶೋಧನಾ ಕೇಂದ್ರ ಇದೆ. ಅಲ್ಲಿ ಸಂದರ್ಶಕ ಸಹಯೋಗಿಯಾಗಲು ಅರ್ಜಿ ಹಾಕಬಹುದು. ನಮ್ಮ ಭೌತಶಾಸ್ತ್ರ ಅಧ್ಯಾಪಕರೊಬ್ಬರು ಅಲ್ಲಿಗೆ ಹೋಗಿಬಂದು, ಇಬ್ಬರು ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಎನ್‌ಜಿಸಿ 6338ರ ಕೋಷ್ಟಕವನ್ನೇ ಮೊದಲ ಅಭ್ಯಾಸವಾಗಿ ಕೊಡಲಿ. ಉತ್ತರ ಸರಿಯೋ ತಪ್ಪೋ ತಾಳೆ ನೋಡಲು ನೆರೆಯ ನಾಂದೇಡಿನವರ ಪ್ರಬಂಧ ಇದ್ದೇ ಇದೆ.