ಎತ್ತರವಿದ್ದರೆ ಸಾಲದು, ಓಡಲೂ ಬೇಕು

ಮನೆಯಲ್ಲಿ ಮಗನೋ ಮಗಳೋ ವಯಸ್ಸಿಗೆ ಮೀರಿ ಎತ್ತರ ಬೆಳೆದರೆ ನೆಂಟರಿಷ್ಟರಿಂದ ಬರುವ ಮೊದಲ ಸಲಹೆ, 'ಬಾಸ್ಕೆಟ್‌ಬಾಲ್‌ಗೆ ಸೇರಿಸಿ' ಎಂಬುದು. ಸಲಹೆಯೇನೋ ಒಳ್ಳೆಯದೇ. ಆದರೆ ಅನೇಕ ವೇಳೆ ಆಟದ ಅಂಗಳದಲ್ಲಿ ಆಗುವುದೇನು? ಎತ್ತರದ ಮಗುವನ್ನು ಬುಟ್ಟಿಯ ಕೆಳಗೆ ನಿಲ್ಲಿಸಿ, 'ಚೆಂಡು ಬಂದರೆ ಹಿಡಿದು ಮೇಲೆ ಹಾಕು' ಎಂದು ಹೇಳಿಬಿಡುತ್ತಾರೆ. ಓಡುವ ಕೆಲಸವೆಲ್ಲ ಕುಳ್ಳಗಿರುವವರ ಪಾಲಿಗೆ! ಆಟದ ದೃಷ್ಟಿಯಿಂದಲೂ ಆರೋಗ್ಯದ ದೃಷ್ಟಿಯಿಂದಲೂ ಇದು ಸರಿಯಲ್ಲ. ಎತ್ತರದ ಆಟಗಾರ ಅಂಗಳದ ಈ ತುದಿಯಿಂದ ಆ ತುದಿಗೆ ಓಡಬೇಕು. ಹಾಗೆ ಓಡಿಸುವ ಮೊದಲು ಅವನ ಹೃದಯ ಮತ್ತು ಪಾದಗಳ ಕಡೆ ತಂದೆತಾಯಿ ಗಮನ ಕೊಡಬೇಕು.

ಓಟದ ಬೆಲೆ ಏನು?

ಬಾಸ್ಕೆಟ್‌ಬಾಲ್ ಅಂಗಳದ ಉದ್ದ 28 ಮೀಟರ್. ಬುಟ್ಟಿಯ ಎತ್ತರ 10 ಅಡಿ. ಎದುರಾಳಿಯ ಎಸೆತ ತಪ್ಪಿ ಚೆಂಡು ನಮ್ಮವರ ಕೈಗೆ ಸಿಕ್ಕಿತೆನ್ನಿ. ಆ ಕ್ಷಣದಲ್ಲಿ ನಮ್ಮ ಎತ್ತರದ ಆಟಗಾರ ಎದುರಾಳಿಯ ಬುಟ್ಟಿಯತ್ತ ಓಟ ಕಿತ್ತರೆ, ಅವರ ಎತ್ತರದವನೂ ಹಿಂದೆಯೇ ಓಡಬೇಕಾಗುತ್ತದೆ. ಅವನು ಹಿಂದೆ ಬಿದ್ದರೆ ನಮಗೆ ಸುಲಭದ ಎರಡು ಅಂಕ. ಬೇರೆಯವರು ತಡೆಯಲು ಒಳಗೆ ನುಗ್ಗಿದರೆ ಹೊರಗೆ ನಿಂತಿರುವ ನಮ್ಮವರಿಗೆ ಎಸೆಯಲು ಬೇಕಾದಷ್ಟು ಜಾಗ. ಚೆಂಡನ್ನು ಮುಟ್ಟದೆಯೇ ಅವನು ತಂಡಕ್ಕೆ ನೆರವಾದ ಹಾಗಾಯಿತು. ಹಾಗೆಯೇ ಬೇಗ ಹಿಂದಿರುಗಿದರೆ ನಮ್ಮ ಬುಟ್ಟಿಗೆ ಕಾವಲೂ ಆಯಿತು.

ಅಮೆರಿಕದ ಬಾಸ್ಟನ್ ಸೆಲ್ಟಿಕ್ಸ್ ತಂಡದ ಬಿಲ್ ರಸೆಲ್ ಇದಕ್ಕೆ ದೊಡ್ಡ ಉದಾಹರಣೆ. ಕಾಲೇಜಿನಲ್ಲಿ ಎತ್ತರ ಜಿಗಿತದ ಪಟುವಾಗಿದ್ದ ಈತ 1956ರಿಂದ 1969ರವರೆಗೆ ಆಡಿದ 13 ಋತುಗಳಲ್ಲಿ ತಂಡ 11 ಬಾರಿ ಚಾಂಪಿಯನ್ ಆಯಿತು. ಅದೇ ತಂಡಕ್ಕೆ ಮುಂದೆ ಬಂದ ಏಳಡಿಯ ರಾಬರ್ಟ್ ಪ್ಯಾರಿಷ್ ಓಟಕ್ಕೆ ಹೆಸರಾದವರು. 21 ಋತುಗಳಲ್ಲಿ 1,611 ಪಂದ್ಯಗಳನ್ನಾಡಿ, 1997ರಲ್ಲಿ ನಿವೃತ್ತರಾದಾಗ ಅವರ ವಯಸ್ಸು 43. ಏಳಡಿ ಎರಡಂಗುಲದ ಕರೀಂ ಅಬ್ದುಲ್ ಜಬ್ಬಾರ್ 42ರವರೆಗೆ ಆಡಿದರು. ಅವರು ಯೋಗಾಭ್ಯಾಸ ರೂಢಿಸಿಕೊಂಡಿದ್ದರೆಂಬುದು ನಮಗೆ ಸಂತೋಷದ ಸಂಗತಿ.

ದೇಹದ ಲೆಕ್ಕಾಚಾರ

ಹಾಗಾದರೆ ಎತ್ತರದವರೆಲ್ಲ ಹೀಗೇಕೆ ಓಡಲಾರರು? ಇದಕ್ಕೊಂದು ಸರಳ ಲೆಕ್ಕವಿದೆ. ಮೈಕಟ್ಟು ಅದೇ ಆಗಿದ್ದು ಎತ್ತರ ಮಾತ್ರ ಶೇಕಡಾ 10ರಷ್ಟು ಹೆಚ್ಚಿದರೆ ತೂಕ ಸುಮಾರು ಶೇಕಡಾ 33ರಷ್ಟು ಹೆಚ್ಚುತ್ತದೆ. ಆದರೆ ಆ ತೂಕ ಹೊರುವ ಮೂಳೆಯ ದಪ್ಪ, ಅಂದರೆ ಅದರ ಅಡ್ಡಕೊಯ್ತದ ವಿಸ್ತಾರ, ಹೆಚ್ಚುವುದು ಶೇಕಡಾ 21ರಷ್ಟು ಮಾತ್ರ. ಹೊರೆ ಬೆಳೆದಷ್ಟು ಕಂಬ ಬೆಳೆಯುವುದಿಲ್ಲ. ಮೇಲಾಗಿ ಜಿಗಿದು ನೆಲಕ್ಕಿಳಿಯುವಾಗ ಪಾದದ ಮೇಲೆ ಬೀಳುವ ಭಾರ ಮೈತೂಕದ ಹಲವು ಪಟ್ಟು. ಬೆವರಿ ತಣಿಯಬೇಕಾದ ಚರ್ಮವೂ ತೂಕಕ್ಕೆ ಹೋಲಿಸಿದರೆ ಕಡಿಮೆಯೇ. ಆದ್ದರಿಂದ ದೊಡ್ಡ ದೇಹ ಬೇಗ ಬಿಸಿಯೇರುತ್ತದೆ.

ಚೀನಾದ ಯಾವೋ ಮಿಂಗ್ ಏಳೂವರೆ ಅಡಿ ಎತ್ತರದ ಅಪೂರ್ವ ಆಟಗಾರ. 2002ರಲ್ಲಿ ಅಮೆರಿಕದ ಎನ್‌ಬಿಎ ಸೇರಿದ ಅವರನ್ನು ಪಾದ ಮತ್ತು ಕಣಕಾಲಿನ ಮೂಳೆಗಳ ಬಿರುಕು ಮತ್ತೆ ಮತ್ತೆ ಕಾಡಿತು. 2011ರಲ್ಲಿ, ಕೇವಲ 30ನೇ ವಯಸ್ಸಿಗೆ ಆಟ ಬಿಡಬೇಕಾಯಿತು. ಒಂದೇ ಏಟಿಗೆ ಮುರಿಯದೆ, ಸಣ್ಣ ಸಣ್ಣ ಏಟುಗಳು ಸೇರಿ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಮೂಡುವುದನ್ನು 'ಸ್ಟ್ರೆಸ್ ಫ್ರ್ಯಾಕ್ಚರ್' ಎನ್ನುತ್ತೇವೆ. ಆರಂಭದಲ್ಲಿ ಇದು ಎಕ್ಸ್-ರೇಯಲ್ಲಿ ಕಾಣದೆಯೂ ಇರಬಹುದು.

ಹೃದಯದ ಮಾತು

ಇದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಅಮೆರಿಕದ ವಾಲಿಬಾಲ್ ತಾರೆ ಫ್ಲೋ ಹೈಮನ್ 1984ರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ತಂಡದವರು. ಎತ್ತರ ಆರಡಿ ಐದಂಗುಲ. 1986ರ ಜನವರಿಯಲ್ಲಿ ಜಪಾನಿನಲ್ಲಿ ಪಂದ್ಯದ ನಡುವೆ ಕುಸಿದು ತೀರಿಕೊಂಡರು. ವಯಸ್ಸು 31. ಮರಣೋತ್ತರ ಪರೀಕ್ಷೆಯಲ್ಲಿ ಹೃದಯದಿಂದ ಹೊರಡುವ ಮಹಾಧಮನಿ ಹರಿದಿದ್ದುದು ಗೊತ್ತಾಯಿತು. ಕಾರಣ 'ಮಾರ್ಫಾನ್ ಸಿಂಡ್ರೋಮ್' ಎಂಬ ಹುಟ್ಟಿನಿಂದ ಬರುವ ತೊಂದರೆ. ಇದರಲ್ಲಿ ದೇಹದ ಬಂಧಕ ಅಂಗಾಂಶ ದುರ್ಬಲವಾಗಿ, ಮಹಾಧಮನಿ ನಿಧಾನವಾಗಿ ಹಿಗ್ಗುತ್ತದೆ. ಸುಮಾರು 5,000 ಜನರಲ್ಲಿ ಒಬ್ಬರಿಗೆ ಇದಿರುತ್ತದೆ. 2014ರಲ್ಲಿ ಐಸಯಾ ಆಸ್ಟಿನ್ ಎಂಬ ಏಳಡಿಯ ಕಾಲೇಜು ಆಟಗಾರನಿಗೆ ಎನ್‌ಬಿಎ ಆಯ್ಕೆಗೆ ಕೆಲವೇ ದಿನ ಮುಂಚೆ ಪರೀಕ್ಷೆಯಿಂದ ಇದು ಪತ್ತೆಯಾಯಿತು. ಫ್ಲೋ ಹೈಮನ್‌ಗೆ ಸಿಗದ ಎಚ್ಚರಿಕೆ ಅವನಿಗೆ ಸಿಕ್ಕಿತು.

ಗಾಬರಿ ಬೇಡ. ಎತ್ತರದವರಲ್ಲಿ ಬಹುಪಾಲು ಜನ ಆರೋಗ್ಯವಂತರೇ. ಆದರೆ ಈ ಲಕ್ಷಣಗಳತ್ತ ಕಣ್ಣಿರಲಿ: ಎರಡೂ ಕೈ ಚಾಚಿದಾಗಿನ ಅಳತೆ ಮೈಯೆತ್ತರಕ್ಕಿಂತ ಸಾಕಷ್ಟು ಹೆಚ್ಚಿರುವುದು, ತೀರಾ ನೀಳ, ತೆಳು ಬೆರಳುಗಳು, ಎದೆಗೂಡು ಒಳಸರಿದಿರುವುದು ಅಥವಾ ಉಬ್ಬಿರುವುದು, ಬೆನ್ನು ಓರೆಯಾಗಿರುವುದು, ಚಿಕ್ಕ ವಯಸ್ಸಿಗೇ ದಪ್ಪ ಕನ್ನಡಕ. ಯಾವುದೋ ಒಂದು ಲಕ್ಷಣ ಕಂಡ ಮಾತ್ರಕ್ಕೆ ಕಾಯಿಲೆ ಇದೆಯೆಂದಲ್ಲ. ಎರಡು ಮೂರು ಒಟ್ಟಿಗೆ ಕಂಡರೆ, ಅಥವಾ ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ, ವೈದ್ಯರ ಸಲಹೆಯಂತೆ ಹೃದಯದ ಎಕೋ ಪರೀಕ್ಷೆ ಮಾಡಿಸಿ. ಅದರಲ್ಲಿ ನೋವಿಲ್ಲ, ಸೂಜಿಯಿಲ್ಲ.

ತಂದೆತಾಯಿಗೆ ಕೆಲವು ಸಲಹೆಗಳು

* ಓಟವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಲಿ. ವಾರಕ್ಕೊಂದೆರಡು ದಿನ ಪೂರ್ತಿ ವಿಶ್ರಾಂತಿ ಇರಲಿ.

* ತೊಡೆ, ಮೀನಖಂಡಗಳ ಸ್ನಾಯು ಬಲಪಡಿಸುವ ವ್ಯಾಯಾಮ ಓಟದಷ್ಟೇ ಅಗತ್ಯ.

* ಕಾಲಿಗೆ ಸರಿಹೊಂದುವ ಬೂಟು ಕೊಡಿಸಿ. ಬೆಳೆಯುವ ಮಗುವಿಗೆ ಕಳೆದ ವರ್ಷದ ಬೂಟು ಈ ವರ್ಷ ಬಿಗಿಯಾದೀತು.

* ರಾಗಿ, ಹಾಲು, ಮೊಸರು, ಬೇಳೆಕಾಳು ಊಟದಲ್ಲಿರಲಿ. ಬಿಸಿಲಿನ ದಿನ ಆಟದ ನಡುವೆ ನೀರು ಕುಡಿಯಲಿ.

* ಪಾದದ ಒಂದೇ ಜಾಗದಲ್ಲಿ ನೋವು ಎರಡು ವಾರವಾದರೂ ಹೋಗದಿದ್ದರೆ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ನೋವಿನ ಮಾತ್ರೆ ನುಂಗಿಸಿ ಆಡಿಸುವುದು ಬೇಡ.

* ಓಡುವಾಗ ಎದೆನೋವು, ಕಣ್ಣು ಕತ್ತಲೆ ಕಟ್ಟುವುದು ಅಥವಾ ಪ್ರಜ್ಞೆ ತಪ್ಪುವುದು ಒಮ್ಮೆ ಆದರೂ ಸಾಕು, ಪರೀಕ್ಷೆಯಾಗುವವರೆಗೆ ಅಂಗಳಕ್ಕೆ ಕಳುಹಿಸಬೇಡಿ. 'ತಿಂಡಿ ತಿಂದಿರಲಿಲ್ಲ, ಅದಕ್ಕೇ ಹಾಗಾಯಿತು' ಎಂದು ಸಮಾಧಾನ ಮಾಡಿಕೊಳ್ಳುವುದು ಅಪಾಯಕರ.

ಇಷ್ಟು ನೋಡಿಕೊಂಡ ಮೇಲೆ ಹಿಂಜರಿಕೆ ಬೇಡ. ನಿಮ್ಮ ಎತ್ತರದ ಮಗುವನ್ನು ಬುಟ್ಟಿಯ ಕೆಳಗೇ ನಿಲ್ಲಿಸದೆ ಎಲ್ಲರ ಜೊತೆ ಓಡಿಸಿರೆಂದು ತರಬೇತುದಾರರಿಗೆ ನೀವೇ ಹೇಳಿ. ಎತ್ತರ ತಾನಾಗಿ ಬಂದದ್ದು, ಓಟ ಅಭ್ಯಾಸದಿಂದ ಬರಬೇಕಾದದ್ದು. ಆಟ ಮುಗಿದು ಎಷ್ಟೋ ವರ್ಷಗಳಾದ ಮೇಲೂ ಹೃದಯಕ್ಕೆ ಒಳಿತು ಮಾಡುವುದು ಆ ಓಟದ ಅಭ್ಯಾಸವೇ.