ಕೈ ಜಗ್ಗುವ ಕುದುರೆಗೆ ಯಾವ ಕಡಿವಾಣ?

ನಮ್ಮಜ್ಜನ ಗಾಡಿ ಕುದುರೆ ಬಾತಿಯಿಂದ ಹರಿಹರಕ್ಕೆ ಹೋಗುವಾಗ ಕಡಿವಾಣದ ಮೇಲೆ ತಲೆಭಾರ ಹಾಕಿ ಲಗಾಮು ಜಗ್ಗುತ್ತಿತ್ತು. ಅಜ್ಜನ ತೋಳು ಸೋತು ಹೋಗೋದು. "ಮುಳ್ಳಿನ ಕಡಿವಾಣ ಹಾಕು" ಅಂದರು ಕೆಲವರು. 1965ರ ಸರ್ಕಾರಿ ನಿಯಮದ ಪ್ರಕಾರ ಅದನ್ನು ಹಾಕುವಂತೆಯೇ ಇಲ್ಲ!

ಕುದುರೆಯ ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಖಾಲಿ ಜಾಗವಿದೆ. ಕಡಿವಾಣ ಕೂರೋದು ಅಲ್ಲೇ. ಅಲ್ಲಿ ತೆಳು ಚರ್ಮ, ಕೆಳಗೆ ಎಲುಬು. ತೆಳ್ಳನೆ ಕಬ್ಬಿಣ ಕೊರೆಯುತ್ತದೆ, ನೋವಿಗೆ ಕುದುರೆ ಇನ್ನೂ ಜಗ್ಗುತ್ತದೆ.

ಅಜ್ಜ ಮೊದಲು ಬಾಯಿ ತೆರೆಸಿ ನೋಡಿದರು. ದವಡೆ ಹಲ್ಲು ಚೂಪಾಗಿ ಕೆನ್ನೆಯ ಒಳಗೆ ಗಾಯ! ದನದ ಡಾಕ್ಟರು ಹಲ್ಲು ಉಜ್ಜಿ ಸರಿ ಮಾಡಿದರು. ಗಾಯ ಮಾಯುವ ತನಕ ಗಾಡಿ ಕಟ್ಟಲಿಲ್ಲ. ಆಮೇಲೆ ನುಣುಪಾದ, ನಡುವೆ ಕೀಲಿರುವ, ಬಾಯಿ ಅಗಲಕ್ಕೆ ಸರಿಯಾದ ಕಡಿವಾಣ ತಂದೆವು. ತೀರಾ ದಪ್ಪನೆಯದೂ ಬೇಡ, ನಾಲಿಗೆಗೆ ಜಾಗ ಬೇಕಲ್ಲ.

ಲಗಾಮನ್ನು ಒಂದೇ ಸಮ ಹಿಡಿದೆಳೆಯಬಾರದು. ಎಳೆದು ಸಡಿಲ ಬಿಟ್ಟರೆ ಕುದುರೆಗೆ ಒರಗೋಕೆ ಏನೂ ಸಿಗಲ್ಲ. ಈಗಲೂ ಇಳಿಜಾರಲ್ಲಿ ಮಾತ್ರ ಸ್ವಲ್ಪ ಜಗ್ಗುತ್ತೆ.