ಆಡುಮಾತಿನ ಪ್ರಶ್ನೆ: ಕನ್ನಡದಿಂದ ಫ್ರೆಂಚಿಗೆ

ಮೈಸೂರಿನ ಹಿನಕಲ್ಲಿನ ಬೀದಿಯಲ್ಲಿ ಪರಿಚಿತರು ಎದುರಾದರೆ ನಾವು ‘ಊಟ ಆಯ್ತಾ?’ ಎನ್ನುತ್ತೇವೆ; ‘ಭೋಜನವಾಯಿತೆ?’ ಎನ್ನುವುದಿಲ್ಲ. ಫ್ರೆಂಚಿನಲ್ಲಿಯೂ ಗ್ರಾಂಥಿಕ ಪ್ರಶ್ನೆಗೂ ಆಡುಮಾತಿನ ಪ್ರಶ್ನೆಗೂ ಇಂತಹುದೇ ಅಂತರವುಂಟು.

‘ಬರ್ತೀಯಾ?’ ಎಂಬುದಕ್ಕೆ ಅಲ್ಲಿ ಮೂರು ರೂಪಗಳಿವೆ. ಕ್ರಿಯಾಪದವನ್ನು ಮುಂದಿಟ್ಟು ‘ವ್ಯಾಂ ತ್ಯು?’ ಎನ್ನುವುದು ಹೆಚ್ಚಾಗಿ ಬರಹದ ಕ್ರಮ. ‘ಎಸ್ ಕ ತ್ಯು ವ್ಯಾಂ?’ ಎಂಬುದು ಬಹುತೇಕ ಎಲ್ಲ ಸಂದರ್ಭಗಳಿಗೂ ಸಲ್ಲುತ್ತದೆ. ಸಲಿಗೆಯ ಮಾತಿನಲ್ಲಿ ‘ತ್ಯು ವ್ಯಾಂ?’ ಎಂದರೆ ಸಾಕು. ಇಲ್ಲಿ ಪದಗಳ ಕ್ರಮವು ಹೇಳಿಕೆಯದೇ. ಕೊನೆಯಲ್ಲಿ ಏರುವ ಧ್ವನಿಯೇ ಅದನ್ನು ಪ್ರಶ್ನೆಯನ್ನಾಗಿಸುತ್ತದೆ. ‘ಎಲ್ಲಿಗೆ ಹೋಗ್ತೀಯ?’ ಎನ್ನಲು ‘ಎಲ್ಲಿಗೆ’ ಎಂಬ ಪದವನ್ನು ಕೊನೆಗಿಟ್ಟು ‘ತ್ಯು ವಾ ಊ?’ ಎನ್ನುವರು.

ಕನ್ನಡ ವಿದ್ಯಾರ್ಥಿ ಎಡವುವುದು ಇಲ್ಲಿಯೇ. ನಮ್ಮಲ್ಲಿ ‘ಆಯ್ತು’ ಎಂಬುದನ್ನು ‘ಆಯ್ತಾ’ ಎಂಬ ಪ್ರಶ್ನೆಯಾಗಿಸಲು ಕೊನೆಯ ಆಕಾರವೇ ಸಾಲುತ್ತದೆ. ಫ್ರೆಂಚಿನಲ್ಲಿ ಅಂತಹ ಪ್ರತ್ಯಯವಿಲ್ಲ. ‘ಸಾ ವಾ?’ ಎಂದರೆ ‘ಚೆನ್ನಾಗಿದ್ದೀಯಾ?’, ಧ್ವನಿಯನ್ನು ಇಳಿಸಿದರೆ ಅದೇ ಉತ್ತರ. ಆದರೆ ಸರಳ ರೂಪವೆಂದರೆ ಅಗೌರವವಲ್ಲ: ಹಿರಿಯರಿಗೆ ‘ತ್ಯು’ ಬದಲು ‘ವು’ ಬಳಸಿ ‘ವು ವನೇ?’ ಎನ್ನಬೇಕು, ನಮ್ಮ ‘ನೀವು’ ಇದ್ದಂತೆ.

ಹೈದರ್ ಮತ್ತು ಟಿಪ್ಪುವಿನ ಸೇನೆಗಳಲ್ಲಿ ಫ್ರೆಂಚರಿದ್ದರು. ಇಂದಿನ ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿದ್ದುದು ಅವರಿಂದಲೇ. ಆ ಕಾಲದ ಪತ್ರಗಳಿಗಾಗಿ ಫ್ರೆಂಚ್ ಕಲಿಯುವ ಇತಿಹಾಸದ ವಿದ್ಯಾರ್ಥಿಗೆ ಬರಹದ ಭಾಷೆ ಅಗತ್ಯ. ಆದರೆ ಅದನ್ನೇ ನಾಲಗೆಯ ಮೇಲೂ ತಂದರೆ ಕೇಳುವವರಿಗೆ ಅರ್ಥವಾದೀತು, ಆತ್ಮೀಯತೆ ಮೂಡದು. ಜನರಿಂದ ಉತ್ತರ ಬಯಸುವವನು ಜನರಂತೆಯೇ ಕೇಳಲು ಕಲಿಯಬೇಕು.